ಕಡಲ ದಂಡೆಯಲ್ಲಿ ಗಂಗಕ್ಕನ ಹಗ್ಗ

ವಿಮಾನ ನಿಲ್ದಾಣ

ಐರ್ಲೆಂಡಿನ ನೆಲಕ್ಕೆ ಕಾಲಿಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ, ನಮ್ಮ ನಾರನ್ನು ಹಿಡಿದಿಟ್ಟುಕೊಂಡರು.

ಚೀಲದ ತುಂಬ ಇದ್ದದ್ದು ತಿಪಟೂರಿನ ತೆಂಗಿನ ನಾರು. ಅಧಿಕಾರಿ ಗ್ಲೌಸ್ ತೊಟ್ಟು ಒಂದು ಹಿಡಿ ಎತ್ತಿ ಬೆಳಕಿಗೆ ಹಿಡಿದ. ಧೂಳು ಉದುರಿತು. ಅವನ ಮುಖ ಗಂಭೀರವಾಯಿತು.

"ನಾರು ಕಣಪ್ಪ, ತಿನ್ನೋದಲ್ಲ," ಎಂದಳು ಗಂಗಕ್ಕ, ಕನ್ನಡದಲ್ಲೇ, ಸ್ವಲ್ಪ ಜೋರಾಗಿ. ಜೋರಾಗಿ ಹೇಳಿದರೆ ಯಾವ ಭಾಷೆಯವರಿಗೂ ಅರ್ಥವಾಗುತ್ತದೆ ಎಂಬುದು ಅವಳ ನಂಬಿಕೆ.

ಮಣ್ಣಿರಬಹುದು, ಹುಳು ಇರಬಹುದು, ಒಳಗೆ ಬಿಡುವಂತಿಲ್ಲ ಎಂದು ಅವನು ವಿವರಿಸಿದ. ಮೂರು ಸಲ ಕ್ಷಮೆ ಕೇಳಿದ. ಆಮೇಲೆ ಚೀಲ ಎತ್ತಿಕೊಂಡು ಹೋದ. ನಮ್ಮ ಕಡೆ ಸಾಮಾನು ಕಿತ್ತುಕೊಳ್ಳುವವರು ಬೈದು ಕಿತ್ತುಕೊಳ್ಳುತ್ತಾರೆ. ನಾವೂ ತಿರುಗಿ ಬೈದು ಹಗುರಾಗಬಹುದು. ಇಷ್ಟು ಕ್ಷಮೆ ಕೇಳಿದವನನ್ನು ಬೈಯುವುದು ಹೇಗೆ? ಸುಮ್ಮನೆ ಹೊರಗೆ ಬಂದೆವು.

ನಾವು ಹೋಗಿದ್ದು ಪಶ್ಚಿಮ ಕರಾವಳಿಯ ಪುಟ್ಟ ಊರೊಂದರ ಕೈಕಸುಬಿನ ಮೇಳಕ್ಕೆ. ನಾನು ಕುಸುಮಾ. ತಿಪಟೂರಿನಲ್ಲಿ ಹೆಂಗಸರಿಗೆ ನಾರಿನ ಕೆಲಸ ಹೇಳಿಕೊಡುವ ಒಂದು ಕೇಂದ್ರದಲ್ಲಿದ್ದೇನೆ. ಹಾಜರಿ, ಕಾಗದಪತ್ರ, ಬಂದವರಿಗೆ ಭಾಷಣ, ಇಷ್ಟು ನನ್ನ ಪಾಲು. ಹಗ್ಗ ಹೊಸೆಯಲು ನನಗೆ ಬರುವುದಿಲ್ಲ. ನಿಜವಾಗಿ ಕಲಿಸುವವಳು ಗಂಗಕ್ಕ. ಹುಳಿಯಾರಿನ ಪಕ್ಕದ ಹಟ್ಟಿಯವಳು, ಕುರಿ ಸಾಕುವ ಮನೆಯವಳು, ಅರವತ್ತು ದಾಟಿದೆ. ಉಣ್ಣೆಯಾಗಲಿ ನಾರಾಗಲಿ ಅವಳ ಅಂಗೈಗೆ ಬಿದ್ದರೆ ಹುರಿಯಾಗಿ ಹೊರಗೆ ಬರುತ್ತದೆ. ಮೇಳದಲ್ಲಿ ಅವಳು ಹೊಸೆಯಬೇಕು, ನಾನು ಮಾತಾಡಬೇಕು ಎಂದು ನಿಗದಿಯಾಗಿತ್ತು.

"ನಾರಿಲ್ದೆ ಏನ್ ತೋರಿಸ್ಲಿ ಕಣೇ? ಬರೀ ಕೈ ಕುಣಿಸ್ಲಾ?" ಎಂದಳು ಬಸ್ಸಿನಲ್ಲಿ.

ಮೇಳ ಶನಿವಾರಕ್ಕಿತ್ತು. ಅಂದು ಸೋಮವಾರ.

ನೋರಾಳ ಮನೆ

ಮೇಳದವರು ಅತಿಥಿಗಳನ್ನು ಊರವರ ಮನೆಗಳಿಗೆ ಹಂಚಿದ್ದರು. ನಮ್ಮನ್ನು ಇಳಿಸಿಕೊಂಡವಳು ನೋರಾ. ಅರವತ್ತೈದರ ಆಸುಪಾಸಿನ, ಎತ್ತರದ, ಬಿರುಸು ನಡಿಗೆಯ ಹೆಂಗಸು. ಗಂಡ ಮಾರ್ಟಿನ್ ಹಿತ್ತಿಲ ಕಡೆಯ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದ. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಲಗಾಲು ಸ್ವಾಧೀನ ತಪ್ಪಿದ್ದವು. ಮಾತೂ ಹೋಗಿತ್ತು. ಉಳಿದದ್ದು "ನೋ" ಎಂಬ ಒಂದು ಸದ್ದು. ಬೇಡ ಎನ್ನುವುದಕ್ಕೂ ಅದೇ, ಹೆಂಡತಿಯ ಹೆಸರಿನ ಅರ್ಧವೂ ಅದೇ. ಯಾವುದು ಯಾವುದೆಂದು ಅವಳೊಬ್ಬಳಿಗೇ ತಿಳಿಯುತ್ತಿತ್ತು.

ಗಂಗಕ್ಕ ಇಬ್ಬರನ್ನೂ ಮೊದಲ ಗಳಿಗೆಯಿಂದಲೇ ಏಕವಚನದಲ್ಲಿ ಕರೆದಳು. ಇಂಗ್ಲಿಷಿಗೆ ಅದು ಗೊತ್ತಾಗಲಿಲ್ಲ. ನನಗೂ ಅದೇ ರೂಢಿಯಾಗಿ ಬರೆಯುವಾಗಲೂ ಹಾಗೇ ಬರುತ್ತಿದೆ.

ಅಲ್ಲಿನವರಿಗೆ ಒಂದು ಒಳ್ಳೆಯ ಅಭ್ಯಾಸವಿದೆ. ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ನಾವು ಇಳಿಯುವ ಮೊದಲೇ ಹತ್ತುವವರು ಕಿಟಕಿಯಿಂದ ಟವೆಲ್ ಹಾಕಿರುತ್ತಾರೆ, ಡ್ರೈವರಿನ ಮುಖ ಯಾರಿಗೆ ಕಾಣುತ್ತದೆ? ಗಂಗಕ್ಕನಿಗೆ ಈ ಪದ್ಧತಿ ಬಹಳ ಹಿಡಿಸಿತು. ಎರಡನೆಯ ದಿನದಿಂದ ಇಳಿಯುವಾಗಲೆಲ್ಲ "ಬತ್ತೀನಿ ಕಣಪ್ಪ" ಎನ್ನುತ್ತಿದ್ದಳು. ಡ್ರೈವರುಗಳು ಕೈ ಎತ್ತುತ್ತಿದ್ದರು.

ಮಳೆ ಮಾತ್ರ ಅವಳಿಗೆ ಹಿಡಿಸಲಿಲ್ಲ. "ಇದು ಮಳೆನಾ? ಯಾರೋ ಮುಖಕ್ಕೆ ಒದ್ದೆ ಬಟ್ಟೆ ಹಿಡ್ದಂಗೈತೆ. ಹೊಡೆದ್ರೆ ಒಂದ್ಸಲ ಹೊಡ್ದು ಹೋಗ್ಬೇಕು."

ನಮ್ಮಲ್ಲಿ ಕುರಿ ಹಟ್ಟಿಗೆ ತಿರುಗುವ ಹೊತ್ತಿಗೆ ಅಲ್ಲಿ ಮಧ್ಯಾಹ್ನ. ಊಟ ಮುಗಿದ ಕೂಡಲೇ ಗಂಗಕ್ಕ ಸೊಸೆಗೆ ಫೋನ್ ಮಾಡಿಸುತ್ತಿದ್ದಳು. ಎರಡು ಮಾತು ಆಡುವುದರೊಳಗೆ, "ನಿನ್ ಮಾತು ಸಾಕು ಬುಡು. ದೊಡ್ಡಿ ತಾವ ಹೋಗಿ ಫೋನ್ ಹಿಡಿ," ಎನ್ನುತ್ತಿದ್ದಳು. ಆ ಮನೆಯ ತುಂಬ ಹುಳಿಯಾರಿನ ಕುರಿಗಳ ಸದ್ದು ತುಂಬುತ್ತಿತ್ತು. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮೊದಲ ಸಲ ನೋರಾ ಫೋನ್ ಕೆಟ್ಟಿತೇನೋ ಎಂದು ಓಡಿ ಬಂದಳು. ಮಾರ್ಟಿನ್ ಅದುವರೆಗೆ ನಮ್ಮ ಕಡೆ ತಿರುಗಿಯೂ ನೋಡಿರಲಿಲ್ಲ. ಅಂದು ನೋಡಿದ.

ದೋಣಿಯ ಕೊಟ್ಟಿಗೆ

ಬುಧವಾರದ ಹೊತ್ತಿಗೆ ಗಂಗಕ್ಕನ ತಾಳ್ಮೆ ಮುಗಿಯಿತು. ನೋರಾಳ ಅಡುಗೆಮನೆಯ ಹಳೇ ಒರೆಸುವ ಬಟ್ಟೆಯ ದಾರ ಬಿಚ್ಚಿ ತೊಡೆಯ ಮೇಲೆ ಹೊಸೆಯಲು ಕೂತಳು. ನೋರಾ ನಕ್ಕು, "ಹಗ್ಗವೇ ಬೇಕಿದ್ದರೆ ನನ್ನ ಜೊತೆ ಬನ್ನಿ," ಎಂದು ಹಿತ್ತಿಲಿಗೆ ಕರೆದೊಯ್ದಳು.

ಕೊಟ್ಟಿಗೆಯಂಥ ಒಂದು ಮರದ ಮನೆ. ಒಳಗೆ ಟಾರ್ಪಾಲಿನ ಕೆಳಗೆ ಒಂದು ಹಾಯಿದೋಣಿ. ಮರದ್ದು, ಹಗುರ, ಎತ್ತಿನ ಗಾಡಿಗಿಂತ ಸ್ವಲ್ಪ ಉದ್ದ, ಅಷ್ಟೆ. ಮಾರ್ಟಿನ್ ಮತ್ತು ನೋರಾ ಮದುವೆಯಾದ ಹೊಸತರಿಂದ ಅದರಲ್ಲೇ ಕೊಲ್ಲಿ ಸುತ್ತಿದವರು. ಹಗ್ಗಗಳೆಲ್ಲ ಇಲಿ ಕಡಿದು, ಪಾಚಿ ಹಿಡಿದು ಹಾಳಾಗಿದ್ದವು.

ಹಾಯಿ ಏರಿಸುವ ಹಗ್ಗ ಒಂದೇ ಇರುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಹಾಯಿಯ ಕೆಳಗಿನ ಅಡ್ಡಗೋಲು ಮೇಲೆ ಹಾರದಂತೆ ಎಳೆದು ಹಿಡಿಯಲು ಒಂದು, ಹಾಯಿಯ ಅಂಚನ್ನು ಕೆಳಕ್ಕೆ ಬಿಗಿಯಲು ಒಂದು, ಹೊಟ್ಟೆಯನ್ನು ಉಬ್ಬಿಸಲು ಇಳಿಸಲು ಇನ್ನೊಂದು, ಹೀಗೆ ಸಣ್ಣ ಸಣ್ಣ ಐದು ಹಗ್ಗಗಳು. ಎಲ್ಲವೂ ಪುಟ್ಟ ಗಡಗಡೆಗಳ ಮೂಲಕ ಹಾದು ಕೂತವರ ಕೈಗೆ ಬರುತ್ತವೆ.

"ಗಾಳಿಗೆ ಮೂಗುದಾರ ಅನ್ನು," ಎಂದಳು ಗಂಗಕ್ಕ. ನಾನು ಅದನ್ನು ಇಂಗ್ಲಿಷಿಗೆ ತಂದಾಗ ನೋರಾ ಒಂದು ನಿಮಿಷ ಯೋಚಿಸಿ, "ಹೌದು, ಹಾಗೆಯೇ," ಎಂದಳು.

ಕಾಯಿಲೆ ಬೀಳುವ ಮುಂಚೆ ಮಾರ್ಟಿನ್ ಹೊಸ ಹಗ್ಗದ ಸುರುಳಿ ತಂದಿಟ್ಟಿದ್ದ. ಅದು ಕೊಟ್ಟಿಗೆಯ ಡ್ರಾಯರಿನಲ್ಲೇ ಉಳಿದಿತ್ತು. ತುದಿಗಳಲ್ಲಿ ಕುಣಿಕೆ ಮಾಡಬೇಕು. ಗಂಟು ಹಾಕಿದರೆ ದಪ್ಪವಾಗಿ ಗಡಗಡೆಗೆ ಸಿಕ್ಕಿಕೊಳ್ಳುತ್ತದೆ, ಹಗ್ಗದ ಬಲವೂ ಕುಗ್ಗುತ್ತದೆ. ಆದ್ದರಿಂದ ಗಂಟಿಲ್ಲದೆ ಹಗ್ಗವನ್ನು ಹಗ್ಗದೊಳಗೇ ಹೆಣೆದು ಸೇರಿಸಬೇಕು. ಆ ವಿದ್ಯೆ ಮನೆಯಲ್ಲಿ ಮಾರ್ಟಿನ್‌ಗೆ ಮಾತ್ರ ಗೊತ್ತಿತ್ತು.

"ಭಾನುವಾರ ಒಬ್ಬರು ದೋಣಿ ನೋಡಲು ಬರುತ್ತಾರೆ," ಎಂದಳು ನೋರಾ, ದನಿ ತಗ್ಗಿಸಿ. "ಕೊಳ್ಳುವವರು. ಅಷ್ಟರೊಳಗೆ ಹಗ್ಗ ಸರಿಮಾಡಬೇಕು. ಅವನಿಗೆ ಇನ್ನೂ ಹೇಳಿಲ್ಲ. ಅವನು ದಿನವೂ ಈ ಬಾಗಿಲನ್ನೇ ನೋಡುತ್ತ ಕೂತಿರುತ್ತಾನೆ. ಅದನ್ನು ನನ್ನ ಕೈಲಿ ನೋಡಲಾಗುತ್ತಿಲ್ಲ."

ನಾನು ಇದನ್ನು ಕನ್ನಡದಲ್ಲಿ ಹೇಳಿ ಮುಗಿಸುವುದರೊಳಗೆ ಗಂಗಕ್ಕ ಹಗ್ಗ ಕೈಗೆತ್ತಿಕೊಂಡಿದ್ದಳು. ತುದಿಯ ಎಳೆ ಬಿಚ್ಚಿ, ನಾರಿನ ಹಗ್ಗಕ್ಕೆ ಮಾಡುವಂತೆ ಒಂದರ ಕೆಳಗೊಂದು ತೂರಿಸಿ, ನೋಡನೋಡುತ್ತ ಚೆಂದದ ಕುಣಿಕೆ ಮಾಡಿದಳು. ನೋರಾ ಅದನ್ನು ಮೊಳೆಗೆ ಸಿಕ್ಕಿಸಿ ಭಾರ ಬಿಟ್ಟು ಜಗ್ಗಿದಳು. ಎಣ್ಣೆ ಸವರಿದಂತೆ ಎಲ್ಲ ಜಾರಿ ಬಂದು ನೋರಾ ನೆಲಕ್ಕೆ ಕೂತಳು.

ಆಗ ಮನೆಯ ಕಡೆಯಿಂದ ಸದ್ದು ಕೇಳಿತು. ಮಾರ್ಟಿನ್ ಎಡಗೈ ಬೆರಳುಗೆಣ್ಣಿನಿಂದ ಕಿಟಕಿಯ ಗಾಜನ್ನು ಕುಟ್ಟುತ್ತಿದ್ದ.

ನೋರಾ ಓಡಿಹೋಗಿ ಕುರ್ಚಿ ತಳ್ಳಿಕೊಂಡು ಬಂದಳು. ಮೂರು ವರ್ಷದಲ್ಲಿ ಅವನು ಆ ಕೊಟ್ಟಿಗೆಗೆ ಬಂದದ್ದು ಅದೇ ಮೊದಲಂತೆ. ಅವನು ಹಗ್ಗವನ್ನು ಎಡಗೈಯಲ್ಲಿ ಹಿಡಿದು ಹಿಂದಕ್ಕೆ ಒತ್ತಿದ. ಹಗ್ಗ ಉಬ್ಬಿ ಮೀನಿನಂತೆ ಬಾಯಿ ತೆರೆಯಿತು.

"ಅಯ್ಯೋ, ಒಳಗೆ ಟೊಳ್ಳು ಕಣೇ! ಹಾವಿನ ಪೊರೆ ಇದ್ದಂಗೈತೆ!" ಗಂಗಕ್ಕ ಅಲ್ಲೇ ನೆಲದ ಮೇಲೆ ಅವನ ಕಾಲ ಬಳಿ ಕೂತಳು.

ಅವನು ಡ್ರಾಯರು ತೋರಿಸಿದ. ಒಳಗೆ ಉಕ್ಕಿನ ಉದ್ದ ಸೂಜಿ. ತಿಪಟೂರಿನಲ್ಲಿ ಕೊಬ್ಬರಿ ಮೂಟೆಯ ಬಾಯಿ ಹೊಲಿಯುವ ದಬ್ಬಳದ ಹಾಗೆಯೇ ಇತ್ತು, ಒಳಗೆ ಟೊಳ್ಳು ಅಷ್ಟೆ. ಹಗ್ಗದ ತುದಿಯನ್ನು ಅದಕ್ಕೆ ಸಿಕ್ಕಿಸಿ, ಹಗ್ಗದ ಹೊಟ್ಟೆಯೊಳಗೆ ತೂರಿಸಿ, ಒಂದೂವರೆ ಗೇಣು ದೂರದಲ್ಲಿ ಹೊರಗೆ ತೆಗೆಯಬೇಕು. ಆ ತುದಿಯ ಎಳೆಗಳನ್ನು ಒಂದೊಂದಾಗಿ ಮೆಟ್ಟಿಲಿನಂತೆ ಕತ್ತರಿಸಿ ಸಣ್ಣ ಮಾಡಬೇಕು. ಆಮೇಲೆ ಹೊರಗಿನ ಹಗ್ಗವನ್ನು ಕೆಚ್ಚಲಿನಿಂದ ಹಾಲು ಕರೆಯುವಂತೆ ಸವರಿದರೆ ತುದಿ ಒಳಗೆ ಮಾಯವಾಗುತ್ತದೆ. ಎಳೆದಷ್ಟೂ ಹೊರಗಿನದು ಒಳಗಿನದನ್ನು ಬಿಗಿಯಾಗಿ ಹಿಡಿಯುತ್ತದೆ.

ಇದಕ್ಕೆ ಎರಡು ಕೈ ಬೇಕು. ಅವನು ಎಡಗೈ, ಇವಳು ಬಲಗೈ. ಅವನು ಒತ್ತಿ ಹಿಡಿದ, ಇವಳು ತೂರಿಸಿದಳು. ಇವಳು ಎಳೆದಳು, ಅವನು ಸವರಿದ. ಭಾಷಾಂತರ ಮಾಡಲು ಹೋದವಳು ನಾನು, ನನಗೆ ಅಲ್ಲಿ ಕೆಲಸವೇ ಇರಲಿಲ್ಲ. ನೋರಾ ಮತ್ತೆ ಮೊಳೆಗೆ ಸಿಕ್ಕಿಸಿ ಜಗ್ಗಿದಳು. ಅಲುಗಲಿಲ್ಲ.

ಗುರುವಾರ, ಶುಕ್ರವಾರ

ಈ ಕುಣಿಕೆಗೆ ಅವರ ಭಾಷೆಯಲ್ಲಿ ಕಣ್ಣು ಎನ್ನುತ್ತಾರೆ ಎಂದು ನೋರಾ ಹೇಳಿದಳು. ನಾನು ಗಂಗಕ್ಕನಿಗೆ ಹೇಳಿದೆ.

"ಕಣ್ಣಲ್ಲ ಕಣೇ, ಕಣ್ಣಿ. ಕರು ಕಟ್ಟೋ ಕಣ್ಣಿ. ಇವ್ರಿಗೂ ಗೊತ್ತೈತೆ ನೋಡು. ಮಾರ್ಟೀನಪ್ಪ, ಹೇಳು, ಕಣ್ಣಿ."

"ನೋ," ಎಂದ ಮಾರ್ಟಿನ್. ನಾವು ಮೂವರೂ ನಕ್ಕೆವು. ಅವನೂ ನಕ್ಕ, ಬಾಯಿಯ ಒಂದೇ ಬದಿಯಿಂದ.

ಶುಕ್ರವಾರ ಗಂಗಕ್ಕ ನನ್ನ ಕೈಗೂ ಹಗ್ಗ ಕೊಟ್ಟಳು. "ಊರೆಲ್ಲ ಭಾಷಣ ಮಾಡ್ತೀಯ, ಒಂದು ಮಾಡು ನೋಡಾನ."

ಮೊದಲನೆಯದನ್ನು ಮಾರ್ಟಿನ್ ಬೆರಳಲ್ಲಿ ಮುಟ್ಟಿ ನೋಡಿ "ನೋ" ಎಂದ. ಬಿಚ್ಚಿದೆ. ಎರಡನೆಯದಕ್ಕೂ ನೋ. ಮೂರನೆಯದನ್ನು ಬಿಚ್ಚುವಾಗ ನನಗೆ ಅಮ್ಮ ನೆನಪಾದಳು.

ತುರುವೇಕೆರೆಯ ಹತ್ತಿರದ ನಮ್ಮೂರಿನಲ್ಲಿ ಅಮ್ಮ ತೋಟದ ನೆರಳಲ್ಲಿ ಹಗ್ಗ ಹೊಸೆಯುತ್ತಿದ್ದಳು. ಇನ್ನೊಂದು ತುದಿ ಹಿಡಿದು ನಿಲ್ಲುವುದು ನನ್ನ ಕೆಲಸ. ನಾನು ಒಂದು ಕೈಯಲ್ಲಿ ಪುಸ್ತಕ ಹಿಡಿದು ಇನ್ನೊಂದರಲ್ಲಿ ಹಗ್ಗ ಹಿಡಿಯುತ್ತಿದ್ದೆ. ನೆನೆಹಾಕಿದ ಸಿಪ್ಪೆಯ ವಾಸನೆ ಅವಳ ಸೀರೆಯಿಂದ ಎಂದೂ ಹೋಗುತ್ತಿರಲಿಲ್ಲ. ಅವಳು ಶಾಲೆಯ ಹತ್ತಿರ ಬಂದರೆ ನಾನು ಬೇರೆ ಕಡೆ ನೋಡುತ್ತಿದ್ದೆ. ನಾನು ಹಿಡಿದ ಕಡೆ ಹಗ್ಗ ಯಾವಾಗಲೂ ಸಡಿಲ. ಆದರೂ ಅವಳು ಒಂದು ದಿನವೂ ಬೈದವಳಲ್ಲ. ನಾನು ಶಾಲೆಗೆ ಹೋದ ಮೇಲೆ ನನ್ನ ಕಡೆಯದನ್ನೆಲ್ಲ ಬಿಚ್ಚಿ ಒಬ್ಬಳೇ ಮತ್ತೆ ಹೊಸೆಯುತ್ತಿದ್ದಳಂತೆ. ಇದನ್ನು ಅವಳ ತಿಥಿಯ ದಿನ ಚಿಕ್ಕಮ್ಮ ಹೇಳಿದಳು.

ಅಮ್ಮ ಒಂದೇ ಒಂದು ಸಲ ಈ ಮುದುಕನ ಹಾಗೆ ಬೇಡ, ಇದು ಸರಿಯಿಲ್ಲ, ಬಿಚ್ಚು ಎಂದಿದ್ದರೆ! ಆ ಒಂದು ಗದರಿಕೆ ಕೇಳಲು ನಾನು ಎಷ್ಟು ದೂರ ಬೇಕಾದರೂ ಹೋಗುತ್ತಿದ್ದೆ. ಕಣ್ಣು ಮಂಜಾಗಿ ಸೂಜಿ ಎಲ್ಲೋ ಚುಚ್ಚಿತು. ಗಂಗಕ್ಕ ನೋಡಿದಳು. ತನ್ನ ಸೆರಗಿನಿಂದ ನನ್ನ ಬೆರಳ ರಕ್ತ ಒರೆಸಿ, "ಇನ್ನೊಂದ್ ಸಲ," ಎಂದಳು.

ನಾಲ್ಕನೆಯದನ್ನು ಮಾರ್ಟಿನ್ ಬಹಳ ಹೊತ್ತು ಸವರಿದ. ನೋ ಅನ್ನಲಿಲ್ಲ. ಪಕ್ಕಕ್ಕಿಟ್ಟ.

ಆಮೇಲೆ ಗಂಗಕ್ಕ ತಲೆ ಎತ್ತಿ ನನ್ನನ್ನು ಕೇಳಿದಳು: "ಮಾರೋ ದೋಣಿಗೆ ಇವ್ನು ಇಷ್ಟು ಜೀವ ಇಟ್ಟು ಯಾಕೆ ಮಾಡ್ತವ್ನೆ? ಕೇಳು ಅವ್ಳನ್ನ."

"ಗಂಗಕ್ಕ, ಸುಮ್ನಿರು."

"ಯಾಕ್ ಸುಮ್ನಿರ್ಲಿ? ನಾನೂ ಕೈ ಹಾಕಿದೀನಿ ಇದಕ್ಕೆ. ಕೇಳು."

ಕೇಳಿದೆ. ನೋರಾಳ ಮುಖ ಕೆಂಪಾಯಿತು. ಅವಳು ಮಾರ್ಟಿನ್ ಮುಂದೆ ಮಂಡಿಯೂರಿ ಕೂತು, ಭಾನುವಾರ ಕೊಳ್ಳುವವರು ಬರುತ್ತಾರೆಂದು ಹೇಳಿದಳು. ನಿನ್ನನ್ನು ಹೀಗೆ ನೋಡುತ್ತ ಇರಲಾರೆ ಎಂದಳು. ಕ್ಷಮಿಸು ಎಂದಳು. ಅವನು ಅವಳ ತಲೆಯ ಮೇಲಿಂದ ದೋಣಿಯನ್ನೇ ನೋಡುತ್ತಿದ್ದ. ಆಮೇಲೆ ಎಡಗೈ ಚಾಚಿ ಉಳಿದಿದ್ದ ಕೊನೆಯ ಹಗ್ಗ ಕೊಡಲು ಸನ್ನೆ ಮಾಡಿದ.

ಗಂಗಕ್ಕ ಕೊಡಲಿಲ್ಲ. ಹಗ್ಗವನ್ನು ಮಡಿಲಲ್ಲೇ ಇಟ್ಟುಕೊಂಡಳು. "ಮಾರೋ ಎತ್ತನ್ನೂ ಮೈ ಸವರಿ, ಒಂದು ಹಿಡಿ ಹಿಂಡಿ ತಿನ್ಸಿ ಕಳಿಸ್ತೀವಿ. ಇವ್ನನ್ನ ಒಂದ್ಸಲ ಕೂರುಸ್ಕೊಂಡು ಬರಾಕೆ ಹೇಳು. ಆಮೇಲೆ ಮಾರ್ಲಿ."

ನಾನು ಅಷ್ಟನ್ನೂ ಹೇಳಿದೆ. ಆಗುವುದಿಲ್ಲ, ಅವನಿಗೆ ಕೂತಲ್ಲಿ ಸಮತೋಲ ಇಲ್ಲ, ಹಗ್ಗ ಎಳೆಯಲು ಇನ್ನೊಬ್ಬರು ಬೇಕು ಎಂದು ನೋರಾ ತಡವರಿಸಿದಳು.

"ಇವ್ಳು ಎಳೀತಾಳೆ," ಎಂದಳು ಗಂಗಕ್ಕ, ನನ್ನನ್ನು ತೋರಿಸಿ. ಈ ಮಾತಿಗೆ ಭಾಷಾಂತರ ಬೇಕಾಗಲಿಲ್ಲ.

ಶಾಲೆಯ ಸಭಾಂಗಣ

ಮೇಳದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾರಿಲ್ಲದ್ದಕ್ಕೆ ಗಂಗಕ್ಕ ಬೆಳಿಗ್ಗೆಯೇ ಒಂದು ತೀರ್ಮಾನ ಮಾಡಿದ್ದಳು. ಪ್ರದರ್ಶನಕ್ಕೆಂದು ಬೇರೆ ಪೆಟ್ಟಿಗೆಯಲ್ಲಿ ತಂದಿದ್ದ ನಮ್ಮ ಅತಿ ಚೆಂದದ ಹಗ್ಗವನ್ನು ಎಲ್ಲರೆದುರು ಎಳೆಎಳೆಯಾಗಿ ಬಿಚ್ಚಿ ನಾರು ಮಾಡಿದಳು. ಮತ್ತೆ ಅದನ್ನೇ ಹೊಸೆದಳು. ಜನ ಹೊಸೆಯುವುದಕ್ಕಿಂತ ಬಿಚ್ಚುವುದನ್ನೇ ಬಾಯಿ ಬಿಟ್ಟುಕೊಂಡು ನೋಡಿದರು. ನಾನು ಸಿದ್ಧಮಾಡಿಕೊಂಡು ಹೋಗಿದ್ದ ಭಾಷಣ ಅರ್ಧಕ್ಕೇ ನಿಂತಿತು. ಯಾರೂ ಮಿಕ್ಕದ್ದನ್ನು ಕೇಳಲಿಲ್ಲ.

ನೀರಿನ ಮೇಲೆ

ಭಾನುವಾರ ಬೆಳಿಗ್ಗೆ ದೋಣಿ ಕೊಳ್ಳುವಾಕೆ ಗಾಡಿ ತಂದಳು. ಮೂವತ್ತರ ಆಸುಪಾಸಿನವಳು. ಐದು ಹಗ್ಗಗಳನ್ನೂ ಜಗ್ಗಿ ನೋಡಿ, "ಇದನ್ನು ಹೆಣೆದವರು ಯಾರು?" ಎಂದು ಕೇಳಿದಳು. ದೋಣಿ ಬೇಕು ಎಂದಳು. ಕೊನೆಯದಾಗಿ ಒಂದು ಸುತ್ತು ಹೋಗಿ ಬರುತ್ತೇವೆ, ಒಂದು ಗಂಟೆ ಸಾಕು ಎಂದು ನೋರಾ ಕೇಳಿಕೊಂಡಳು. ಆಕೆ ಒಪ್ಪಿ, ಮಾರ್ಟಿನ್‌ನನ್ನು ಎತ್ತಿ ಕೂರಿಸಲು ತಾನೇ ಕೈ ಕೊಟ್ಟಳು.

"ನೀನೂ ಬಾ ಗಂಗಕ್ಕ," ಎಂದೆ.

"ನಾನೊಲ್ಲೆ ತಾಯಿ. ಕಾಲು ಊರಾಕೆ ನೆಲ ಬೇಕು ನಂಗೆ."

ಮಾರ್ಟಿನ್ ನಡುವೆ ಕೂತ. ನೋರಾ ಹಿಂದೆ ಚುಕ್ಕಾಣಿ ಹಿಡಿದಳು. ನಾನು ಮುಂದೆ, ಗಾಳಿ ತುಂಬಿದ ಜಾಕೆಟ್ಟಿನಲ್ಲಿ, ದೋಣಿಯ ಅಂಚು ಹಿಡಿದು. ಹಾಯಿ ಏರಿತು. ದೋಣಿ ಒಮ್ಮೆಗೇ ಒಂದು ಬದಿಗೆ ವಾಲಿದಾಗ ನಾನು ಕೂಗಿಕೊಂಡೆ. "ಎಳೆ, ಕುಸುಮಾ," ಎಂದಳು ನೋರಾ. ಕೈಗೆ ಸಿಕ್ಕ ಹಗ್ಗ ಎಳೆದೆ. ಮಾರ್ಟಿನ್ "ನೋ" ಎಂದು ಕಣ್ಣಲ್ಲೇ ಬೇರೆಯದನ್ನು ತೋರಿಸಿದ. ಅದನ್ನು ಎಳೆದೆ. ಅಡ್ಡಗೋಲು ಕೆಳಗಿಳಿಯಿತು, ಹಾಯಿ ಚಪ್ಪಟೆಯಾಯಿತು, ದೋಣಿ ನೆಟ್ಟಗಾಗಿ ಓಡಿತು. ಮುಂದಿನದೆಲ್ಲ ಹಾಗೇ ನಡೆಯಿತು. ಅವನ ಕಣ್ಣು ಹೇಳುತ್ತಿತ್ತು, ನನ್ನ ಕೈ ಮಾಡುತ್ತಿತ್ತು. ಅವನ ಮುಖದ ಸತ್ತ ಬದಿಯೂ ಗಾಳಿಗೆ ಒದ್ದೆಯಾಗಿ ಹೊಳೆಯುತ್ತಿತ್ತು.

ಒಂದು ಸುತ್ತಾಯಿತು. ನೋರಾ ದಡದ ಕಡೆ ತಿರುಗಿಸಲಿಲ್ಲ. ಎರಡನೆಯದೂ ಆಯಿತು. ಗಾಳಿ ಸಣ್ಣದಾಗುತ್ತ ಬಂತು. ಕೊಲ್ಲಿಯ ನಡುವೆ ಎಲ್ಲೋ ದೋಣಿಯ ಅಡಿ ಮೆಲ್ಲಗೆ ಉಜ್ಜಿ ನಿಂತುಬಿಟ್ಟಿತು. ಕಡಲಿನ ಇಳಿತ ಶುರುವಾಗಿತ್ತು. ನೋಡುತ್ತಿದ್ದಂತೆ ನೀರು ಹಿಂದೆ ಸರಿದು ನಾವು ಮರಳ ದಿಬ್ಬದ ಮೇಲೆ ಉಳಿದೆವು. ನೋರಾ ಹಾಯಿ ಇಳಿಸಿ, "ಸಂಜೆ ಏಳರವರೆಗೆ ಇನ್ನು ನೀರಿಲ್ಲ," ಎಂದಳು. ಮಾರ್ಟಿನ್‌ನನ್ನು ಆ ಮರಳಲ್ಲಿ ನಡೆಸುವಂತಿರಲಿಲ್ಲ.

ಸ್ವಲ್ಪ ಹೊತ್ತಿಗೆ ದಡದ ಕಡೆಯಿಂದ ಇಬ್ಬರು ಬರುವುದು ಕಂಡಿತು. ಮುಂದೆ ದೋಣಿ ಕೊಳ್ಳುವಾಕೆ, ಹಿಂದೆ ಸೀರೆ ಎತ್ತಿ ಕಟ್ಟಿಕೊಂಡ ಗಂಗಕ್ಕ, ಬರಿಗಾಲಲ್ಲಿ, ಒಂದು ಕೈಯಲ್ಲಿ ಚಹಾದ ಫ್ಲಾಸ್ಕು, ಇನ್ನೊಂದರಲ್ಲಿ ಕಂಬಳಿ. ನೀರಿಗೆ ಹೆದರಿದವಳು ಸಮುದ್ರದ ತಳದ ಮೇಲೆ ನಡೆದು ಬಂದಿದ್ದಳು.

ಅವಳು ಮಾರ್ಟಿನ್‌ಗೆ ಕಂಬಳಿ ಹೊದಿಸಿದಳು. ಎಲ್ಲರಿಗೂ ಚಹಾ ಬಗ್ಗಿಸಿ ಕೊಟ್ಟಳು. ಆಮೇಲೆ ನನ್ನ ಹತ್ತಿರ ಬಂದು, "ಇಲ್ಲೇ ಹುಟ್ಟಿ ಬೆಳ್ದೋಳು. ನೀರು ಯಾವಾಗ್ ಹೋಗ್ತೈತೆ ಅಂತ ಇವ್ಳಿಗೆ ಗೊತ್ತಿಲ್ವಾ?" ಎಂದಳು.

ನಾನು ನೋರಾಳ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ಮಾರ್ಟಿನ್‌ನ ಕಾಲರು ಸರಿಮಾಡುತ್ತಿದ್ದಳು. ಅವನು ಎಡಗೈಯಲ್ಲಿ ಅವಳ ಮಣಿಕಟ್ಟು ಹಿಡಿದುಕೊಂಡಿದ್ದ.

"ಇಳಿ ಕಣೇ," ಎಂದಳು ಗಂಗಕ್ಕ. "ನಾವು ನಡ್ಕೊಂಡ್ ಹೋಗಾನ."

ಅವರಿಬ್ಬರನ್ನು ದೋಣಿಯಲ್ಲೇ ಬಿಟ್ಟು ನಾವು ಮೂವರೂ ಮರಳ ಮೇಲೆ ಹಿಂದಿರುಗಿದೆವು. ನನಗೆ ಅವಸರವಿಲ್ಲ, ನಾಳೆ ಬಂದು ಒಯ್ಯುತ್ತೇನೆ ಎಂದಳು ಕೊಳ್ಳುವಾಕೆ. ಹೋದ ನೀರು ಸಂಜೆಗೆ ಮತ್ತೆ ಬರುತ್ತದೆ ಎಂಬುದನ್ನು ಗಂಗಕ್ಕ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ನಮ್ಮ ಕೆರೆಗಳಲ್ಲಿ ಹೋದ ನೀರು ತಿರುಗಿ ಬರುವುದು ಯಾವ ವರ್ಷವೋ. ಅವಳ ಗಂಡ ಹೋಗಿ ಹನ್ನೊಂದು ವರ್ಷ. ಮೇವು ಹುಡುಕಿ ಕುರಿಯ ಹಿಂದೆ ಹೋದವನು ಹಾದಿಯಲ್ಲೇ ತೀರಿಕೊಂಡಿದ್ದ. ಅವಳು ಅದನ್ನು ಹೇಳಲಿಲ್ಲ. "ಒಳ್ಳೇ ಊರು ಬುಡು," ಎಂದಳು ಅಷ್ಟೆ.

ನಾನೂ ಗಂಗಕ್ಕನೂ ದಡದ ಕಲ್ಲುಕಟ್ಟೆಯ ಮೇಲೆ ಕೂತು ಕಾದೆವು. ಅಲ್ಲಿ ಬೇಸಿಗೆಯಲ್ಲಿ ಬೆಳಕು ಬೇಗ ಹೋಗುವುದಿಲ್ಲ. ಏಳರ ಹೊತ್ತಿಗೆ ನೀರು ಹಾವಿನಂತೆ ಮರಳ ಸಂದುಗಳಲ್ಲಿ ಹರಿದು ಬಂತು. ದೂರದಲ್ಲಿ ವಾಲಿದ್ದ ದೋಣಿ ನೆಟ್ಟಗಾಯಿತು, ಅಲುಗಿತು, ತೇಲಿತು. ಬರಲು ಇನ್ನು ಯಾವ ಅಡ್ಡಿಯೂ ಇರಲಿಲ್ಲ. ಗಾಳಿಯೂ ದಡದ ಕಡೆಗೇ ಬೀಸುತ್ತಿತ್ತು.

ನಾವು ಎದ್ದು ನಿಂತೆವು. ಒಂದೇ ಕಂಬಳಿಯೊಳಗೆ ಎರಡು ತಲೆಗಳು ಕಾಣುತ್ತಿದ್ದವು. ಬಹಳ ಹೊತ್ತು ನೋಡಿದೆವು. ಹಾಯಿ ಮೇಲೇರಲಿಲ್ಲ.

ಗಂಗಕ್ಕ ಮತ್ತೆ ಕಟ್ಟೆಯ ಮೇಲೆ ಕೂತಳು. ನಾನೂ ಕೂತೆ.